‘ಅಳು ಬಂತು, ಅಳ್ನಿಲ್ಲ’: ಒಂದು ಹೇಳಿಕೆ ಇಂಗ್ಲಿಷಿಗೆ ಹೋಗಿ ಬಂದ ಪ್ರಕರಣ

“ನಾನೆಲ್ಲವ್ವ ಭಿಕ್ಸೆ ಬೇಡ್ದೆ?”

ಮದ್ದೂರು ತಾಲ್ಲೂಕಿನ ಒಂದು ಹಳ್ಳಿ. ಜಗಲಿ ಮೇಲೆ ಕೂತು ನಾನು ಓದುತ್ತಿದ್ದೆ, ಎದುರಿಗೆ ಕೂತ ಅಕ್ಕ ಅವರೆಕಾಯಿ ಸುಲಿಯುತ್ತಾ ಕೇಳುತ್ತಿದ್ದರು. ನಾನು ಓದುತ್ತಿದ್ದದ್ದು ಅವರದೇ ಮಾತು. ಒಂದು ಸಲ ಇಂಗ್ಲಿಷಿಗೆ ಹೋಗಿ, ಅಲ್ಲಿಂದ ಮತ್ತೆ ಕನ್ನಡಕ್ಕೆ ಬಂದ ಅವರದೇ ಮಾತು. ಎರಡನೇ ಪುಟಕ್ಕೆ ಬರುವಷ್ಟರಲ್ಲಿ ಸುಲಿಯುವುದು ನಿಂತಿತ್ತು.

“ಇನ್ನೊಂದ್ಸಲ ಓದು.”

ಓದಿದೆ. “ಒಂದು ವಾರ ಕಾಲಾವಕಾಶ ಕೊಡುವಂತೆ ಆಕೆ ಪದೇ ಪದೇ ಭಿಕ್ಷೆ ಬೇಡಿದಳು. ಬಿಕ್ಕಿ ಬಿಕ್ಕಿ ಅತ್ತಳು. ಉಗ್ಗುತ್ತಾ ಏನೋ ಹೇಳಲು ಯತ್ನಿಸಿದಳು.”

ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆಯ ಹೆಣ್ಣುಮಗಳು ಕಿಸಕ್ಕನೆ ನಕ್ಕಳು. “ನಮ್ಮತ್ತೆಗೆ ಉಗ್ಗು ಯಾವಾಗ ಬಂತು?” ಅಕ್ಕ ಮಾತ್ರ ನಗಲಿಲ್ಲ. ಆಗ ಕೇಳಿದ್ದು, ಮೇಲೆ ಬರೆದ ಪ್ರಶ್ನೆ.

ತಪ್ಪು ನನ್ನದು. ಮೂರು ವಾಕ್ಯ, ಮೂರು ತಪ್ಪು. ಅದು ಹೇಗಾಯಿತು, ಹೇಗೆ ತಿದ್ದಿದೆವು ಅನ್ನುವುದನ್ನು ಅಕ್ಕನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಊರು, ಹೆಸರು ಬೇಡ ಅಂದಿದ್ದಾರೆ. ಸಾಲ ಕೊಟ್ಟ ಕಂಪನಿಯ ಹೆಸರೂ ಇಲ್ಲಿಲ್ಲ.

ಹಿನ್ನೆಲೆ

2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಕಿರುಸಾಲದ (ಮೈಕ್ರೋಫೈನಾನ್ಸ್) ಬಲವಂತದ ವಸೂಲಿ ತಡೆಯಲು ಸುಗ್ರೀವಾಜ್ಞೆ ತಂದಿತು. ಅದಕ್ಕೂ ಮುಂಚಿನ ಕೆಲವು ತಿಂಗಳು ಮಂಡ್ಯ, ಮೈಸೂರು, ಚಾಮರಾಜನಗರದ ಹಳ್ಳಿಗಳಲ್ಲಿ ‘ಫೈನಾನ್ಸ್‌ನೋರು ಬಂದ್ರು’ ಅಂದರೆ ಬಾಗಿಲು ಹಾಕಿಕೊಳ್ಳುವ ಹಾಗಾಗಿತ್ತು. ಮೈಸೂರಿನ ಒಂದು ಸಣ್ಣ ಸಂಸ್ಥೆ ಇಂಥ ಮನೆಗಳ ಹೆಂಗಸರ ಹೇಳಿಕೆಗಳನ್ನು ಸಂಗ್ರಹಿಸುತ್ತಿತ್ತು. ಅವನ್ನು ಇಂಗ್ಲಿಷ್ ಮಾಡಿ ದಿಲ್ಲಿಗೆ ಕಳಿಸಬೇಕಿತ್ತು. ಸರಸ್ವತಿಪುರಂನಲ್ಲಿ ಮನೆಯಲ್ಲೇ ಕೂತು ಅನುವಾದ ಮಾಡುವ ನನಗೆ ಒಂಬತ್ತು ಹೇಳಿಕೆ ಬಂದವು. ಅಕ್ಕನದು ಐದನೆಯದು.

ಕೆಲಸದ ಕ್ರಮ ಹೀಗಿತ್ತು. ಮದ್ದೂರಿನ ಒಬ್ಬ ಕಾಲೇಜು ಹುಡುಗ ಫೋನಿನಲ್ಲಿ ರೆಕಾರ್ಡ್ ಮಾಡಿ, ಕೇಳಿದ್ದನ್ನು ಕನ್ನಡದಲ್ಲೇ ಬರೆಯುತ್ತಾನೆ. ಅದನ್ನು ನಾನು ಇಂಗ್ಲಿಷಿಗೆ ತರುತ್ತೇನೆ. ಮೂಲವನ್ನು ಕೇಳದ, ನೋಡದ ಇನ್ನೊಬ್ಬರು ನನ್ನ ಇಂಗ್ಲಿಷನ್ನು ತಿರುಗಿ ಕನ್ನಡಕ್ಕೆ ತರುತ್ತಾರೆ. ಕೊನೆಗೆ ಹೇಳಿದವರ ಮುಂದೆ ಕೂತು ಅದನ್ನು ಓದಬೇಕು. ಆರೋಗ್ಯ ಸಮೀಕ್ಷೆಯ ಪ್ರಶ್ನಾವಳಿಗಳನ್ನು ಅನುವಾದಿಸುವಾಗ ಹೀಗೆ ತಿರುಗಿ ತಂದು ನೋಡುವ ರೂಢಿ ಇದೆ. ಮೊದಲು ಇದು ದಂಡದ ಕೆಲಸ ಅನ್ನಿಸಿತ್ತು. ಆ ಜಗಲಿ ಮೇಲೆ ಕೂತ ದಿನದಿಂದ ಹಾಗೆ ಅನ್ನಿಸಿಲ್ಲ.

ಅಕ್ಕ ಸಂಘದಲ್ಲಿ 40,000 ಸಾಲ ತೆಗೆದಿದ್ದರು. ಗಂಡನ ಕಾಲಿಗೆ ಏಟಾಗಿ ಎರಡು ಕಂತು ತಪ್ಪಿತು. ಇಬ್ಬರು ಬಂದು ಜಗಲಿ ಮೇಲೆ ಕೂತರು. ದುಡ್ಡು ಕೊಡೋ ತನಕ ಏಳಲ್ಲ ಅಂದರು. ಬೀದಿಯವರೆಲ್ಲ ನೋಡುತ್ತಿದ್ದರು. ರೆಕಾರ್ಡಿಂಗಿನಲ್ಲಿ ಅಕ್ಕ ಹೇಳಿದ್ದು ಇಷ್ಟು:

“ಅಣ್ಣ, ನಿಮ್ ದಮ್ಮಯ್ಯ ಅಂತೀನಿ, ಒಂದ್ವಾರ ತಡ್ಕಳಿ ಅಂತ ಕೇಳ್ಕಂಡೆ. ಎಲ್ಡು ಸಲ ಕೇಳ್ಕಂಡೆ. ಅವ್ರು ಜಗ್ಲಿ ಬುಟ್ಟು ಏಳ್ನಿಲ್ಲ. ನಂಗೆ ಅಳು ಬಂತು. ಗಂಟ್ಲು ಕಟ್ಬುಡ್ತು. ಮಾತೇ ಹೊರಡ್ನಿಲ್ಲ.”

ಇದಕ್ಕೆ ನಾನು ಕೊಟ್ಟ ಇಂಗ್ಲಿಷ್ ಕ್ರಿಯಾಪದಗಳು ‘ಬೆಗ್ಡ್’, ‘ಬ್ರೋಕ್ ಡೌನ್’, ‘ಸ್ಟ್ಯಾಮರ್ಡ್’. ಬರೆದಾಗ ಒಂದೂ ತಪ್ಪು ಅನ್ನಿಸಿರಲಿಲ್ಲ. ಇಂಗ್ಲಿಷ್ ಓದುವವರಿಗೆ ಈಗಲೂ ಅನ್ನಿಸಲಾರದು.

ಕೇಳ್ಕಂಡೆ

ನಾನು ‘ಬೆಗ್ಡ್’ ಅಂತ ಬರೆದೆ. ತಿರುಗಿ ಕನ್ನಡಕ್ಕೆ ತಂದವರು ನಿಘಂಟಿನ ಮೊದಲ ಅರ್ಥ ಹಿಡಿದು ‘ಭಿಕ್ಷೆ ಬೇಡಿದಳು’ ಮಾಡಿದರು. ತಪ್ಪನ್ನು ಅವರ ತಲೆಗೆ ಕಟ್ಟಿ ಕೈತೊಳೆದುಕೊಳ್ಳಬಹುದಿತ್ತು. ಇಂಗ್ಲಿಷಿನವರು ದಿನಕ್ಕೆ ಹತ್ತು ಸಲ ‘ಐ ಬೆಗ್ಡ್ ಹಿಮ್’ ಅನ್ನುತ್ತಾರೆ, ಅದರಲ್ಲಿ ಜೋಳಿಗೆ ಕಾಣುವುದಿಲ್ಲ ಅಂತ ವಾದವನ್ನೂ ಮಾಡಬಹುದಿತ್ತು. ಅಕ್ಕನಿಗೆ ಅದನ್ನೇ ಹೇಳಲು ಹೋದೆ. ಅವರು ಅರ್ಧಕ್ಕೇ ತಡೆದರು.

“ಬೇಡದು ದ್ಯಾವ್ರತ್ರ. ಇವ್ರತ್ರ ಕೇಳ್ಕಂಡೆ.”

ವಾಪಸ್ ಬರುವಾಗ ಬಸ್ಸಿನಲ್ಲಿ ಈ ಒಂದು ಮಾತನ್ನೇ ಯೋಚಿಸುತ್ತಾ ಬಂದೆ. ಕೇಳು, ಕೇಳಿಕೋ. ನಡುವೆ ಸೇರಿದ್ದು ಒಂದು ‘ಕೊಳ್ಳು’ ಮಾತ್ರ. ‘ಟೈಮ್ ಕೇಳಿದೆ’ ಅಂದರೆ ಗಡಿಯಾರ ನೋಡಿ ಹೇಳು ಅಂದ ಹಾಗೂ ಆಗಬಹುದು. ‘ಟೈಮ್ ಕೇಳಿಕೊಂಡೆ’ ಅಂದರೆ ಮನಸ್ಸಿಟ್ಟು, ದನಿ ತಗ್ಗಿಸಿ, ಎದುರಿನವರ ಕೈಯಲ್ಲಿ ಕೊಡುವ ಬಿಡುವ ಅಧಿಕಾರ ಇದೆ ಅಂತ ಒಪ್ಪಿಕೊಂಡು ಕೇಳಿದ ಹಾಗೆ. ಆದರೂ ಕೇಳಿದವರು ನೆಟ್ಟಗೆ ನಿಂತೇ ಇರುತ್ತಾರೆ. ಬೇಡು, ಬೇಡಿಕೋ ಅಂದಾಗ ಮೊಣಕಾಲು ಸ್ವಲ್ಪ ಬಗ್ಗುತ್ತದೆ. ಗೋಗರೆ, ಅಂಗಲಾಚು ಅಂದರೆ ನೆಲಕ್ಕೇ ಬಿದ್ದಾಯಿತು.

ಇನ್ನೊಂದು ವಿಷಯ ಅವತ್ತೇ ಹೊಳೆಯಿತು. ‘ನಾನು ಅಂಗಲಾಚಿದೆ’ ಅಂತ ಯಾರಾದರೂ ತಮ್ಮ ಬಗ್ಗೆ ತಾವೇ ಹೇಳಿಕೊಂಡದ್ದನ್ನು ಮಾತಿನಲ್ಲಿ ಕೇಳಿದ್ದೀರಾ? ನಾನಂತೂ ಕೇಳಿಲ್ಲ. ‘ಅಂಗಲಾಚಿದ ರೈತ’ ಅಂತ ಪತ್ರಿಕೆಯವರು ಬರೆಯುತ್ತಾರೆ, ರೈತ ಹಾಗನ್ನುವುದಿಲ್ಲ. ಗೋಳಾಡುವುದೂ ಹಾಗೇ. ‘ಸುಮ್ನೆ ಗೋಳಾಡಬೇಡ’ ಅಂತ ಇನ್ನೊಬ್ಬರನ್ನು ಗದರುತ್ತೇವೆ. ಕಿರುಚಾಡು, ರಂಪ ಮಾಡು, ರಚ್ಚೆ ಹಿಡಿ, ಇವೆಲ್ಲ ನೋಡುವವರ ಮಾತು. ಅಳುವವರ ಮಾತುಗಳು ಬೇರೆ. ಅಳು ಬಂತು, ಕಣ್ಣು ತುಂಬಿ ಬಂತು, ಹೊಟ್ಟೇಲಿ ಸಂಕಟ ಆಯಿತು, ತಡಕೊಳ್ಳಕ್ಕೆ ಆಗಲಿಲ್ಲ. ನಾನು ಮಾಡಿದ್ದು ಏನೆಂದರೆ, ಅಳುವವರ ಮಾತನ್ನು ತೆಗೆದು ನೋಡುವವರ ಮಾತು ಇಟ್ಟಿದ್ದು. ಇಂಗ್ಲಿಷಿನಲ್ಲಿ ಎರಡೂ ಕಡೆಗೆ ‘ಬೆಗ್’ ನಡೆಯುತ್ತದೆ, ಹಾಗಾಗಿ ಅಲ್ಲಿ ಹುಳುಕು ಕಾಣಲಿಲ್ಲ. ಕನ್ನಡಕ್ಕೆ ತಿರುಗಿ ಬಂದಾಗ ಹೊರಬಿತ್ತು.

‘ದಮ್ಮಯ್ಯ’ದ ಕಥೆಯನ್ನೂ ಹೇಳಿಬಿಡುತ್ತೇನೆ. ಮೊದಲ ಕರಡಿನಲ್ಲಿ ಅದನ್ನು ‘ಪ್ಲೀಸ್’ ಅಂತ ಮಾಡಿದ್ದೆ. ಐಸ್‌ಕ್ರೀಮಿಗೂ ಪ್ಲೀಸ್, ಪಕ್ಕಕ್ಕೆ ಸರಿಯಿರಿ ಅನ್ನಲಿಕ್ಕೂ ಪ್ಲೀಸ್. ದಮ್ಮಯ್ಯದಲ್ಲಿ ಇರುವುದು ಧರ್ಮ, ಬಾಯಿಂದ ಬಾಯಿಗೆ ಸವೆದು ದಮ್ಮ ಆಗಿದೆ. ‘ನಿಮ್ಮ ಧರ್ಮ ನಿಮ್ಮನ್ನು ಕಾಯಲಿ, ನೀವು ನನ್ನನ್ನು ಕಾಯಿರಿ’ ಅನ್ನುವ ಧಾಟಿ. ಹಾಗಂತ ಅದು ಯಾವಾಗಲೂ ಭಾರದ ಮಾತೂ ಅಲ್ಲ. ‘ದಮ್ಮಯ್ಯ ಅಂತೀನಿ, ಟಿ.ವಿ. ಸೌಂಡ್ ಕಮ್ಮಿ ಮಾಡೋ’ ಅಂತ ನಾನೇ ಮಗನಿಗೆ ವಾರಕ್ಕೊಂದು ಸಲ ಅನ್ನುತ್ತೇನೆ. ಯಾರು ಯಾರಿಗೆ ಹೇಳಿದರು ಅನ್ನುವುದರ ಮೇಲೆ ಅದರ ತೂಕ. ಅಕ್ಕನಿಗೆ ಐವತ್ತು ದಾಟಿದೆ. ಕಂತಿಗೆ ಬಂದವನಿಗೆ ಇಪ್ಪತ್ತೈದು ಇರಬಹುದು. ಅವನನ್ನು ‘ಅಣ್ಣ’ ಅಂದು ದಮ್ಮಯ್ಯ ಹಾಕಿದ್ದಾರೆ. ಇಂಗ್ಲಿಷ್ ಓದುಗರಿಗೆ ಕಾಣಬೇಕಾಗಿದ್ದು ಈ ಎರಡು ವಯಸ್ಸು. ಕೊನೆಯ ಪ್ರತಿಯಲ್ಲಿ ‘ದಮ್ಮಯ್ಯ’ವನ್ನು ಹಾಗೇ ಬಿಟ್ಟು, ಮುಂದೆ ಒಂದೇ ಸಾಲು ಸೇರಿಸಿದೆ: ನನ್ನ ಮಗನ ವಯಸ್ಸಿನವನನ್ನು ಅಣ್ಣ ಅಂದೆ. ಆ ಸಾಲು ರೆಕಾರ್ಡಿಂಗಿನಲ್ಲಿ ಇರಲಿಲ್ಲ. ಸೇರಿಸಲೇ ಅಂತ ಅಕ್ಕನನ್ನು ಕೇಳಿದೆ. “ಹಾಕು, ಅದು ದಿಟ್ವೇ” ಅಂದರು.

ಅಳು ಬಂತು

ಎಲ್ಲಕ್ಕಿಂತ ಜಾಸ್ತಿ ಹೊತ್ತು ತಗೊಂಡಿದ್ದು ಇದು.

“ಅಳು ಬಂತು ಅಂದ್ರಲ್ಲ ಅಕ್ಕ, ಅತ್ತಿರಿ ತಾನೆ?”

“ಬಂತು. ಅಳ್ನಿಲ್ಲ. ಅವ್ರ್ ಮುಂದೆ ಯಾಕಳ್ಲಿ?”

ಕನ್ನಡದಲ್ಲಿ ಹಸಿವು ಆಗುತ್ತದೆ, ನಿದ್ದೆ ಬರುತ್ತದೆ, ಸಿಟ್ಟು ಬರುತ್ತದೆ, ನೆಗಡಿ ಆಗುತ್ತದೆ. ಎಲ್ಲವೂ ‘ನನಗೆ’. ನಾನು ಅಲ್ಲಿ ಕರ್ತೃ ಅಲ್ಲ, ಬರುವ ನೆಂಟರನ್ನು ಬಾಗಿಲಲ್ಲಿ ಎದುರುಗೊಳ್ಳುವವಳು. ಅಳುವೂ ಹಾಗೇ ಬರುತ್ತದೆ. ಬಂದಮೇಲೆ ಒಳಗೆ ಬಿಟ್ಟುಕೊಂಡರೋ, ಹೊಸ್ತಿಲಲ್ಲೇ ತಡೆದರೋ ಅನ್ನುವುದು ಬೇರೆ ವಾಕ್ಯ. ‘ನನಗೆ ಅಳು ಬಂತು’ ಅಂದಾಗ ಎರಡೂ ಸಾಧ್ಯ. ‘ನಾನು ಅತ್ತೆ’ ಅಂದರೆ ಬೇರೆ ದಾರಿಯೇ ಇಲ್ಲ. ಇಂಗ್ಲಿಷಿನ ‘ಐ ಕ್ರೈಡ್’ ಈ ಎರಡನೆಯದು. ‘ಐ ಫೆಲ್ಟ್ ಲೈಕ್ ಕ್ರೈಯಿಂಗ್’ ಅಂತ ಬರೆಯೋಣ ಅಂದರೆ ಅದು ಬರೀ ಆಸೆ ಆಯಿತು, ಕಣ್ಣಿಗೆ ನೀರೇ ಬಾರದ ಹಾಗೆ.

ನಾನು ಇವೆರಡನ್ನೂ ಬಿಟ್ಟು ಇನ್ನೂ ದೂರ ಹೋಗಿದ್ದೆ. ‘ಬ್ರೋಕ್ ಡೌನ್’. ಗೋಡೆ ಕುಸಿದ ಹಾಗೆ. ಯಾಕೆ ಹಾಗೆ ಬರೆದೆ ಅಂತ ಹಳೆಯ ಕರಡು ತೆಗೆದು ನೋಡಿದೆ. ಹುಡುಗ ಬರೆದುಕೊಟ್ಟ ಕನ್ನಡ ಪ್ರತಿಯಲ್ಲಿ ಆ ಜಾಗದಲ್ಲಿ ಕಂಸದೊಳಗೆ ‘ಅಳುತ್ತಾರೆ’ ಅಂತಿತ್ತು. ನಾನು ನಂಬಿದ್ದು ಆ ಕಂಸವನ್ನು. ರೆಕಾರ್ಡಿಂಗ್ ಪೂರ್ತಿ ಕೇಳಿರಲಿಲ್ಲ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಪುಟಕ್ಕೆ ಇಷ್ಟು ಅಂತ ದುಡ್ಡು ಪಡೆಯುವ ಅನುವಾದದಲ್ಲಿ ಇದು ಅಪರೂಪವೇನಲ್ಲ.

ಈಗ ಕೇಳಿದೆ. ‘ಏಳ್ನಿಲ್ಲ’ ಆದಮೇಲೆ 11 ಸೆಕೆಂಡ್ ಮಾತಿಲ್ಲ. ಒಂದು ತಟ್ಟೆ ನೆಲಕ್ಕೆ ಇಟ್ಟ ಸದ್ದು. ದೂರದಲ್ಲಿ ಕಬ್ಬಿನ ಟ್ರ್ಯಾಕ್ಟರ್. ಆಮೇಲೆ ‘ನಂಗೆ ಅಳು ಬಂತು’. ಬಿಕ್ಕಿಲ್ಲ, ಮೂಗು ಸೀಟಿಲ್ಲ. ಹುಡುಗನಿಗೆ ಫೋನ್ ಮಾಡಿದೆ. “ಮೇಡಂ, ನಾನು ಎದುರಿಗೇ ಇದ್ದೆ. ಕಣ್ಣು ತುಂಬಿತ್ತು” ಅಂದ. ಅವನೂ ಸುಳ್ಳು ಬರೆದಿರಲಿಲ್ಲ. ಕಣ್ಣು ತುಂಬಿದ್ದನ್ನು ಅಳು ಅಂತ ಬರೆದ. ಅವನು ಬರೆದ ಅಳುವನ್ನು ನಾನು ಕುಸಿತ ಮಾಡಿದೆ. ನನ್ನ ಕುಸಿತವನ್ನು ಮೂರನೆಯವರು ಬಿಕ್ಕಿ ಬಿಕ್ಕಿ ಅಳಿಸಿದರು. ಪ್ರತಿಯೊಬ್ಬರೂ ಒಂದೊಂದು ಚಮಚ ನೀರು ಸೇರಿಸಿದ್ದೆವು.

‘ಬಿಕ್ಕಿ ಬಿಕ್ಕಿ’ ಅನ್ನುವುದು ಯಾಕಷ್ಟು ಸಲೀಸಾಗಿ ಬಂತು ಅನ್ನುವುದಕ್ಕೂ ಕಾರಣ ಇದೆ. ಇಂಗ್ಲಿಷಿನಲ್ಲಿ ಅಳುವ ಬಗೆ ಕ್ರಿಯಾಪದದ ಒಳಗೇ ಕೂತಿರುತ್ತದೆ. ಸಾಬ್, ವೇಲ್, ವೀಪ್, ವಿಂಪರ್, ಒಂದೊಂದೂ ಬೇರೆ ಅಳು. ನಮ್ಮಲ್ಲಿ ಅಳು ಒಂದೇ, ಮುಂದೆ ಒಂದು ಸದ್ದು ಇಡುತ್ತೇವೆ. ಗಳಗಳ ಅತ್ತ, ಗೊಳೋ ಅಂತ ಅತ್ತ, ಮುಸುಮುಸು ಅತ್ತ, ಬಿಕ್ಕಿ ಬಿಕ್ಕಿ ಅತ್ತ. ಜಪಾನಿ ಭಾಷೆಯಲ್ಲೂ ಹೀಗೇ, ‘ಶಿಕುಶಿಕು’ ಅಂದರೆ ಸಣ್ಣ ದನಿಯಲ್ಲಿ ಅಳುವುದು. ಇಂಗ್ಲಿಷಿನಿಂದ ಬರುವಾಗ ಬರೀ ‘ಅತ್ತಳು’ ಅಂದರೆ ಏನೋ ಬಿಟ್ಟುಹೋಯಿತು ಅನ್ನಿಸಿ, ಕೈ ತಾನೇ ಒಂದು ಸದ್ದು ಸೇರಿಸಿಬಿಡುತ್ತದೆ. ಕಥೆ, ಕಾದಂಬರಿಯಲ್ಲಿ ಅದು ಚೆಂದ. ಹೇಳಿಕೆಯಲ್ಲಿ ಅದು ಇಲ್ಲದ ಸಾಕ್ಷಿ.

ಬೈಬಲ್ಲಿನ ಅನುವಾದ ಓದುವ ಗೆಳತಿಯೊಬ್ಬಳಿಗೆ ಇದನ್ನು ಹೇಳಿದಾಗ ಅವಳು ಯೋಹಾನನ ಸುವಾರ್ತೆಯ 11ನೇ ಅಧ್ಯಾಯ ತೆಗೆದಳು. ಲಾಜರ ಸತ್ತ ಮನೆ. ಮರಿಯಳೂ ಬಂದ ಜನರೂ ಅಳುವುದಕ್ಕೆ ಗ್ರೀಕಿನಲ್ಲಿ ದನಿ ತೆಗೆದು ಅಳುವ ಪದ ಇದೆ. ಎರಡು ವಚನ ದಾಟಿ ಯೇಸು ಅಳುವುದಕ್ಕೆ ಇರುವುದು ಬೇರೆ ಪದ, ಕಣ್ಣೀರು ಅನ್ನುವುದರಿಂದಲೇ ಹುಟ್ಟಿದ್ದು. 1611ರ ಇಂಗ್ಲಿಷ್ ಅನುವಾದ ಎರಡು ಕಡೆಯೂ ‘ವೀಪ್’ನ ರೂಪವನ್ನೇ ಇಟ್ಟಿತು. ದನಿಯ ಅಳು, ನೀರಿನ ಅಳು ಎರಡೂ ಒಂದಾದವು. “ಕನ್ನಡದಲ್ಲಿ ನಿನಗೆ ಆ ಕಷ್ಟ ಇಲ್ಲ. ಅಳುವುದು ಬೇರೆ, ಕಣ್ಣೀರು ಬಿಡುವುದು ಬೇರೆ” ಅಂದಳು. ಕನ್ನಡದಲ್ಲಿ ಇಲ್ಲ, ನನ್ನ ಕಷ್ಟ ಇರುವುದೇ ಇಂಗ್ಲಿಷಿನಲ್ಲಿ ಅಂದೆ. ಆದರೂ ಆ ಮಾತಿನಿಂದ ಒಂದು ದಾರಿ ಸಿಕ್ಕಿತು. ಅಳು ಬಿಟ್ಟು ನೀರನ್ನು ಹಿಡಿಯುವುದು. ‘ಟಿಯರ್ಸ್ ಕೇಮ್.’ ನೀರು ಬಂತು. ಇಂಗ್ಲಿಷಿನಲ್ಲೂ ನೀರು ತಾನಾಗಿ ಬರಬಹುದು, ಕರ್ತೃ ಬೇಕಿಲ್ಲ. ಅದರ ಮುಂದೆ ಅಕ್ಕ ಜಗಲಿ ಮೇಲೆ ಹೇಳಿದ್ದನ್ನೇ ಸೇರಿಸಿದೆ: ಅವರ ಮುಂದೆ ಅಳಲಿಲ್ಲ.

ಗಂಟ್ಲು ಕಟ್ಬುಡ್ತು

ಇದು ಸುಲಭವಾಗಿತ್ತು, ಆದರೂ ಎಡವಿದ್ದೆ. ಉಗ್ಗು ಸಾಮಾನ್ಯವಾಗಿ ಚಿಕ್ಕಂದಿನಲ್ಲೇ ಶುರುವಾಗುವ ಮಾತಿನ ತೊಡಕು. ತೊದಲುವುದು ಮಕ್ಕಳು, ಇಲ್ಲವೇ ಕುಡಿದವರು. ತಡವರಿಸುವುದರಲ್ಲಿ ಕತ್ತಲಲ್ಲಿ ಕೈಯಾಡಿಸಿ ಹುಡುಕುವ ಚಿತ್ರ ಇದೆ, ಅದಕ್ಕೆ ಸಾಕ್ಷಿ ತಡವರಿಸಿದ ಅಂದರೆ ಸುಳ್ಳು ಹೇಳುತ್ತಿರಬಹುದು ಅನ್ನುವ ಅನುಮಾನವೂ ಜೊತೆಗೆ ಬರುತ್ತದೆ. ಇಂಗ್ಲಿಷಿನ ‘ಫಾಲ್ಟರ್’ಗೂ ಆ ಅನುಮಾನದ ನೆರಳಿದೆ. ‘ಗದ್ಗದ’ ಅಂತ ಒಂದು ಪದ ಉಂಟು, ಬರೆಯುವವರಿಗೆ ಪ್ರೀತಿ, ಆದರೆ ಮದ್ದೂರಿನ ಜಗಲಿ ಮೇಲೆ ಅದನ್ನು ಯಾರೂ ಆಡುವುದಿಲ್ಲ.

ಅಕ್ಕನ ಮಾತು ನೆಟ್ಟಗಿತ್ತು. ಗಂಟಲು ಕಟ್ಟಿತು, ಮಾತು ಹೊರಡಲಿಲ್ಲ. ತುಂಡು ತುಂಡಾಗಿಯೂ ಹೊರಡಲಿಲ್ಲ. ನಾಟ್ಯಶಾಸ್ತ್ರ ಹೇಳುವ ಎಂಟು ಸಾತ್ವಿಕ ಭಾವಗಳಲ್ಲಿ, ಅಂದರೆ ಒಳಗಿನ ಭಾವ ಮೈಯಲ್ಲಿ ತೋರುವ ಬಗೆಗಳಲ್ಲಿ, ದನಿ ಒಡೆಯುವುದು ಒಂದು, ಕಣ್ಣೀರು ಇನ್ನೊಂದು. ಎರಡನ್ನೂ ಬೇರೆ ಬೇರೆ ಎಣಿಸಿದ್ದಾರೆ. ಒಂದು ಇದ್ದ ಕಡೆ ಇನ್ನೊಂದು ಇರಲೇಬೇಕು ಅಂತಿಲ್ಲ. ನಾನು ಎರಡನ್ನೂ ಕಲಸಿದ್ದೆ. ಇಂಗ್ಲಿಷಿನಲ್ಲಿ ‘ಮೈ ಥ್ರೋಟ್ ಕ್ಲೋಸ್ಡ್’ ಅಂತ ಬದಲಿಸಿದೆ, ಮುಗಿಯಿತು. ಹುಡುಗನ ಕಂಸ ತೆಗೆದು ‘11 ಸೆಕೆಂಡ್ ಮಾತಿಲ್ಲ’ ಅಂತ ಹಾಕಿದೆ.

ಸಂಸ್ಥೆಯವರ ಮಾತು

ಬದಲಿಸಿದ ಪ್ರತಿ ಕಳಿಸಿದ ಮಾರನೇ ದಿನ ಸಂಸ್ಥೆಯಿಂದ ಫೋನ್ ಬಂತು. “ಮೇಡಂ, ಚೆನ್ನಾಗಿತ್ತಲ್ಲ, ಯಾಕೆ ತೆಳು ಮಾಡಿದ್ರಿ? ಓದಿದವರ ಎದೆಗೆ ನಾಟಬೇಕು. ಬಿಕ್ಕಿ ಬಿಕ್ಕಿ ಅತ್ತಳು ಅಂದ್ರೆ ಒಂದು ಬಲ ಇರುತ್ತೆ.”

ಅವರ ವಾದವನ್ನು ತಳ್ಳಿಹಾಕುವಂತಿರಲಿಲ್ಲ. ಅಳದಿದ್ದರೆ ತಾಯಿಯೂ ಹಾಲು ಕೊಡಳು ಅನ್ನುವ ನಾಡು ನಮ್ಮದು. ದಿಲ್ಲಿಯಲ್ಲಿ ಇಂಥ ನೂರು ವರದಿ ಓದುವವರ ಮುಂದೆ, ಕಣ್ಣೀರು ತಡೆದುಕೊಂಡ ಹೆಂಗಸು ಕಣ್ಣಿಗೆ ಬೀಳದೇ ಹೋಗಬಹುದು. ಆದರೆ ನಾಳೆ ಯಾರಾದರೂ ಮೂಲ ರೆಕಾರ್ಡಿಂಗ್ ಕೇಳಿ, ಇಲ್ಲಿ ಅಳುವೇ ಇಲ್ಲವಲ್ಲ ಅಂದರೆ? ಆಗ ಉಳಿದ ಎಂಟು ಹೇಳಿಕೆಗಳ ಮೇಲೂ ಅನುಮಾನ ಬೀಳುತ್ತದೆ. ಇದನ್ನೇ ಹೇಳಿದೆ. ಅಕ್ಕ ಒಪ್ಪದೆ ರುಜು ಹಾಕಲ್ಲ ಅಂತಲೂ ಹೇಳಿದೆ. ಎರಡನೆಯದು ಕೆಲಸ ಮಾಡಿತು.

ನಾವೆಲ್ಲ ಅಳುವಿನ ಸುತ್ತ ಇಷ್ಟು ಜಗ್ಗಾಡುತ್ತಿದ್ದಾಗ, ಪ್ರಕರಣಕ್ಕೆ ನಿಜವಾಗಿ ಬೇಕಾಗಿದ್ದ ಪದ ಬೇರೆ ಕಡೆ ಕೂತಿತ್ತು. ಅಕ್ಕನ ಹೇಳಿಕೆ ಶುರುವಾಗುವುದು ‘ದೀಪ ಹಚ್ಚೋ ಹೊತ್ನಲ್ಲಿ ಬಂದ್ರು’ ಅಂತ. ನಾನು ಅದನ್ನು ‘ಈವ್ನಿಂಗ್’ ಮಾಡಿದ್ದೆ, ಅದು ‘ಸಂಜೆ’ ಆಗಿ ತಿರುಗಿ ಬಂದಿತ್ತು. ಸಂಜೆ ನಾಲ್ಕೂವರೆಯೂ ಸಂಜೆಯೇ. ಆದರೆ ಜನವರಿಯಲ್ಲಿ ನಮ್ಮ ಕಡೆ ಸೂರ್ಯ ಮುಳುಗುವುದೇ ಆರು ಗಂಟೆ ದಾಟಿ. ರಿಸರ್ವ್ ಬ್ಯಾಂಕಿನ 2022ರ ಕಿರುಸಾಲದ ನಿಯಮಗಳಲ್ಲಿ, ಬೆಳಗ್ಗೆ 9ಕ್ಕೆ ಮುಂಚೆ ಅಥವಾ ಸಂಜೆ 6ರ ಮೇಲೆ ಸಾಲಗಾರರಿಗೆ ಕರೆ ಮಾಡುವುದನ್ನೂ ಕಠೋರ ವಸೂಲಿಯ ಪಟ್ಟಿಗೆ ಸೇರಿಸಿದ್ದಾರೆ. ಫೋನ್ ಮಾಡುವುದೇ ತಪ್ಪು ಅಂದಮೇಲೆ ಜಗಲಿ ಮೇಲೆ ಬಂದು ಕೂರುವುದು? ನಾನು ಕರ್ಚೀಫು ಹಿಡಿದು ಕಣ್ಣೀರಿನ ಹಿಂದೆ ಓಡಿದೆ, ಗಡಿಯಾರವನ್ನು ಕಳಕೊಂಡೆ.

ಎರಡನೇ ಓದು

ಎರಡು ವಾರ ಬಿಟ್ಟು ಮತ್ತೆ ಹೋದೆ. ಈ ಸಲ ಹುಡುಗನೂ ಬಂದಿದ್ದ. ಅವರೆ ಕಾಲ ಮುಗಿದಿತ್ತು, ಅಕ್ಕ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಹೊತ್ತಿನ ವಿಷಯ ಮೊದಲು ಕೇಳಿದೆ.

“ಡೈರಿಗೆ ಹಾಲಾಕ್ಬುಟ್ಟು ಬಂದಿದ್ದೆ. ದೀಪ ಹಚ್ಚಿ ಕಡ್ಡಿ ಕೆಳಗಾಕ್ನಿಲ್ಲ, ಗಾಡಿ ಸದ್ದಾಯ್ತು” ಅಂದರು. ಡೈರಿಯ ಹಾಲಿನ ಚೀಟಿ ಗೋಡೆಯ ಮೊಳೆಗೆ ಸಿಕ್ಕಿಸಿತ್ತು. ಹುಡುಗ ಎದ್ದು ಹೋಗಿ ಆ ದಿನದ್ದನ್ನು ಹುಡುಕಿದ. ಸಂಜೆ ಸರದಿ, ಹೊತ್ತು ಅಚ್ಚಾಗಿತ್ತು: 6.05. ಅದರ ಫೋಟೋ ತೆಗೆದುಕೊಂಡೆವು.

ಆಮೇಲೆ ಓದಿದೆ. ಕೇಳಿಕೊಂಡೆ. ಎರಡು ಸಲ ಕೇಳಿಕೊಂಡೆ. ನನ್ನ ಮಗನ ವಯಸ್ಸಿನವನನ್ನು ಅಣ್ಣ ಅಂದೆ. ಕಣ್ಣಿಗೆ ನೀರು ಬಂತು, ಅವರ ಮುಂದೆ ಅಳಲಿಲ್ಲ. ಗಂಟಲು ಕಟ್ಟಿತು.

ಅಕ್ಕ ಬೀಜವನ್ನು ಒಂದು ಕಡೆ, ಹಣ್ಣನ್ನು ಇನ್ನೊಂದು ಕಡೆ ಹಾಕುತ್ತಾ ಕೇಳಿದರು. ಮುಗಿದ ಮೇಲೆ, “ಇಂಗ್ಲೀಸ್ನಾಗೆ ಎಂಗದೆ, ಒಂದ್ಸಲ ಅನ್ನು” ಅಂದರು.

ಓದಿದೆ. ಅರ್ಥ ಆಗುವುದಿಲ್ಲ ಅಂತ ಗೊತ್ತಿದ್ದೂ ಮೆಲ್ಲಗೆ ಓದಿದೆ. ದಮ್ಮಯ್ಯ ಬಂದ ಕಡೆ ಅವರು ತಲೆ ಎತ್ತಿದರು.

“ಅದೊಂದು ನಂದೇ ಮಾತು.”

“ಹೂಂ ಅಕ್ಕ. ಅದಕ್ಕೆ ಅವರಲ್ಲಿ ಪದ ಇಲ್ಲ.”

“ಇಲ್ದಿದ್ರೆ ಏನಂತ ಕೇಳ್ಕತಾರವ್ವ ಅವ್ರು?”

ನಾನು ಏನೂ ಹೇಳಲಿಲ್ಲ. ಅವರು ಕೈಯನ್ನು ಸೆರಗಿಗೆ ಒರೆಸಿಕೊಂಡು, ಹುಡುಗನ ಪೆನ್ನು ಇಸಕೊಂಡು, ಮೂರಕ್ಷರದ ಹೆಸರನ್ನು ಒಂದೊಂದೇ ಅಕ್ಷರ ಬರೆದರು. ಕಾಗದದ ಮೂಲೆಯಲ್ಲಿ ಹುಣಸೆಯ ಕಂದು ಬೆರಳಚ್ಚು ಉಳಿಯಿತು. ಸ್ಕ್ಯಾನ್ ಮಾಡುವಾಗ ಅದನ್ನು ಅಳಿಸಲೇ ಅಂತ ಹುಡುಗ ಕೇಳಿದ. ಬೇಡ ಅಂದೆ.